ನ್ಯೂಯಾರ್ಕ್ ಹೌಸಿಂಗ್ ಕನೆಕ್ಟ್ ಲಾಟರಿ: ಆದಾಯದ ಲೆಕ್ಕ, ಕಾಗದಪತ್ರ, ಕಾಯುವ ಪಟ್ಟಿಗಳು

ಸಂಪಿಗೆ
ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ ಬಾಡಿಗೆಗೆ ಇರುವ ಕನ್ನಡ ಕುಟುಂಬವೊಂದಕ್ಕೆ ಅರ್ಜಿ ಹಾಕಿಸಬೇಕಿದೆ. ನಾಲ್ಕು ಜನ. ಗಂಡ ಎಚ್-1ಬಿ ಕೆಲಸದ ವೀಸಾ, ಹೆಂಡತಿ ಎಚ್-4 ಅವಲಂಬಿತರ ವೀಸಾ, ದೊಡ್ಡ ಮಗು ಹುಟ್ಟಿದ್ದು ಹಾಸನದಲ್ಲಿ, ಚಿಕ್ಕದು ಇಲ್ಲೇ. ಒಬ್ಬರದ್ದೇ ದುಡಿಮೆ, ವರ್ಷಕ್ಕೆ 92,000 ಡಾಲರ್. ಹೌಸಿಂಗ್ ಕನೆಕ್ಟ್, ನೈಚಾ, ಸೆಕ್ಷನ್ 8, ಮಿಚೆಲ್-ಲಾಮಾ ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರೆ. ಇವೆಲ್ಲಕ್ಕೂ ಒಂದೇ ಅರ್ಜಿ ಸಾಕಾ? ಈ ವೀಸಾದಲ್ಲಿ ಹಾಕಬಹುದಾ? 92,000ಕ್ಕೆ ಯಾವ ಮನೆ ಸಿಗುತ್ತೆ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಅರ್ಜಿ ಸಹಾಯ
ಸಂಪಿಗೆ ಅವರೇ, ಒಂದೇ ಅರ್ಜಿ ಅಲ್ಲ, ನಾಲ್ಕೂ ಬೇರೆ ಬೇರೆ ಸರದಿ. ಒಂದರಲ್ಲಿ ಹೆಸರಿದ್ದರೆ ಇನ್ನೊಂದಕ್ಕೆ ಏನೂ ಲಾಭ ಇಲ್ಲ, ನಷ್ಟವೂ ಇಲ್ಲ. ಅರ್ಹತೆ ಇದ್ದರೆ ನಾಲ್ಕರಲ್ಲೂ ಇರಬಹುದು.

ಹೌಸಿಂಗ್ ಕನೆಕ್ಟ್ ನಗರದ ವಸತಿ ಇಲಾಖೆ ಎಚ್‌ಪಿಡಿ ಮತ್ತು ಎಚ್‌ಡಿಸಿ (ನಗರದ ವಸತಿ ಅಭಿವೃದ್ಧಿ ನಿಗಮ) ನಡೆಸುವ ಲಾಟರಿ. ಖಾಸಗಿಯವರು ಕಟ್ಟಿದ ಹೊಸ ಕಟ್ಟಡಗಳಲ್ಲಿ ಒಂದು ಪಾಲು ಮನೆಗಳನ್ನು ಆದಾಯ ನೋಡಿ ಕಡಿಮೆ ಬಾಡಿಗೆಗೆ ಕೊಡ್ತಾರೆ. ನೈಚಾ ಅಂದರೆ ನಗರದ ವಸತಿ ಪ್ರಾಧಿಕಾರ, ಅವರದ್ದೇ ಕಟ್ಟಡಗಳು. ಸೆಕ್ಷನ್ 8 ಮನೆಯಲ್ಲ, ವೋಚರ್: ಖಾಸಗಿ ಮನೆ ಹುಡುಕಿಕೊಂಡರೆ ಬಾಡಿಗೆಯ ಒಂದು ಭಾಗ ಸರ್ಕಾರ ಕಟ್ಟುತ್ತೆ. ಮಿಚೆಲ್-ಲಾಮಾ 1955ರ ಕಾನೂನಿನಡಿ ಮಧ್ಯಮ ವರ್ಗಕ್ಕಾಗಿ ಕಟ್ಟಿದ ಕಟ್ಟಡಗಳು, ಪ್ರತಿ ಕಟ್ಟಡಕ್ಕೂ ಅದರದೇ ಕಾಯುವ ಪಟ್ಟಿ.

ವೀಸಾ ವಿಷಯದಲ್ಲಿ ನಮ್ಮವರು ಎರಡೂ ಕಡೆ ತಪ್ಪು ತಿಳಿದುಕೊಂಡಿದ್ದಾರೆ. ಹೌಸಿಂಗ್ ಕನೆಕ್ಟ್ ಲಾಟರಿಗೆ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಬೇಕಿಲ್ಲ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರೂ ಅರ್ಜಿ ಹಾಕಬಹುದು. ಎಚ್-1ಬಿ, ಎಚ್-4 ಇದ್ದವರು "ನಮಗೆಲ್ಲಿ ಕೊಡ್ತಾರೆ" ಅಂತ ವರ್ಷಗಟ್ಟಲೆ ಸುಮ್ಮನೆ ಕೂತಿರ್ತಾರೆ, ಅದು ನೋಡಿದರೆ ಬೇಜಾರಾಗುತ್ತೆ. ನೈಚಾ ಮತ್ತು ಸೆಕ್ಷನ್ 8 ಮಾತ್ರ ಕೇಂದ್ರ ಸರ್ಕಾರದ ಹಣ. ಅಲ್ಲಿ ಪೌರರು, ಗ್ರೀನ್ ಕಾರ್ಡ್‌ನವರು, ನಿರಾಶ್ರಿತರು, ಇಂಥ ಕೆಲವರಿಗಷ್ಟೇ ನೆರವು. ಎಚ್-1ಬಿ, ಎಚ್-4, ವಿದ್ಯಾರ್ಥಿಗಳ ಎಫ್-1 ಆ ಪಟ್ಟಿಯಲ್ಲಿ ಇಲ್ಲ.

ಧಾರವಾಡ ಪೇಢಾ
ಇದಕ್ಕ ಒಂದು ಮಾತು ಸೇರಸ್ತೀನ್ರಿ. ಇವರ ಸಣ್ಣ ಕೂಸು ಇಲ್ಲೇ ಹುಟ್ಟಿದ್ದು, ಅಂದ್ರ ಅಮೆರಿಕದ ಪೌರ. ನಾಲ್ಕು ಮಂದಿಯೊಳಗ ಒಬ್ಬರಿಗೆ ಅರ್ಹತೆ ಇದ್ದರ ಅಂಥ ಮನಿತನಕ್ಕ ಮಿಶ್ರ ಕುಟುಂಬ ಅಂತಾರ. ನೆರವು ಪೂರ್ತಿ ಬರಂಗಿಲ್ಲ, ನಾಲ್ಕರಾಗ ಒಂದು ಪಾಲು ಬರತೈತಿ. ಉಳಿದ ಬಾಡಿಗಿ ಕೈಯಿಂದ ಕಟ್ಟಬೇಕು. ಅರ್ಜಿ ಹಾಕೋ ಹೊತ್ತಿಗೆ ಈ ನಿಯಮ ಹಂಗೇ ಐತೇನು ಅಂತ ನೋಡಿಕೊಳ್ರಿ. ಗ್ರೀನ್ ಕಾರ್ಡ್ ಸರದ್ಯಾಗ ನಿಂತವರು ಕೇಂದ್ರದ ನೆರವಿಗೆ ಕೈ ಹಾಕೋ ಮೊದಲು ವಲಸೆ ವಕೀಲರನ್ನ ಕೇಳ್ರಿ. ಲಾಟರಿ ಮನಿ ಬ್ಯಾರೆ, ಅದನ್ನೂ ಇದನ್ನೂ ಒಂದ ಮಾಡಿ ಅಂಜಬ್ಯಾಡ್ರಿ.

ಸೆಕ್ಷನ್ 8 ಅಂತೂ ಯಾವಾಗ ಬೇಕಾದ್ರ ಅವಾಗ ಹಾಕಾಕ ಬರಂಗಿಲ್ಲ. ನೈಚಾದವರ ಪಟ್ಟಿ ಸುಮಾರು 15 ವರ್ಷ ಮುಚ್ಚಿತ್ತು. 2024ರ ಜೂನ್ 3ರಿಂದ 9ರ ತನಕ ಒಂದೇ ವಾರ ತೆರದರು. 6,33,000ಕ್ಕೂ ಹೆಚ್ಚು ಅರ್ಜಿ ಬಂದ್ವು, ಅದರಾಗ 2,00,000 ಹೆಸರು ಚೀಟಿ ಎತ್ತಿ ಪಟ್ಟಿಗೆ ಹಾಕಿದರು. "ದುಡ್ಡು ಕೊಡ್ರಿ, ಪಟ್ಟ್ಯಾಗ ಸೇರಸ್ತೀನಿ" ಅನ್ನೋರು ಸಿಕ್ಕರ ನಂಬಬ್ಯಾಡ್ರಿ.

ಲೆಕ್ಕಪತ್ರ
ಈಗ 92,000ದ ಪ್ರಶ್ನೆಗೆ ಬರೋಣ. ಜಾಹೀರಾತಿನಲ್ಲಿ 60% ಎಎಂಐ, 80% ಎಎಂಐ, 130% ಎಎಂಐ ಅಂತ ಬರೆದಿರ್ತಾರೆ. ಎಎಂಐ ಅಂದರೆ ಈ ಪ್ರದೇಶದ ಮಧ್ಯಮ ಆದಾಯದ ಅಂಕಿ. ಕೇಂದ್ರ ವಸತಿ ಇಲಾಖೆ ಪ್ರತಿ ವರ್ಷ ಇದನ್ನು ಪರಿಷ್ಕರಿಸುತ್ತೆ. 2025ರ ಅಂಕಿ ಪ್ರಕಾರ 100% ಅಂದರೆ ಒಬ್ಬರಿಗೆ 1,13,400, ಇಬ್ಬರಿಗೆ 1,29,600, ಮೂವರಿಗೆ 1,45,800, ನಾಲ್ವರಿಗೆ 1,62,000 ಡಾಲರ್. ಹಾಗಾಗಿ ನಾಲ್ವರ ಕುಟುಂಬಕ್ಕೆ 60% ಮಿತಿ 97,200, 80% ಮಿತಿ 1,29,600.

92,000 ನೋಡಿದರೆ 60%ರೊಳಗೆ ಆರಾಮಾಗಿ ಕೂರುತ್ತೆ ಅನ್ನಿಸುತ್ತೆ. ಅವಸರ ಬೇಡ. ಅವರು ಕೇಳೋದು ಕೈಗೆ ಬರುವ ಸಂಬಳ ಅಲ್ಲ, ತೆರಿಗೆಗೂ ಮೊದಲಿನ ಪೂರ್ತಿ ಮೊತ್ತ. 401ಕೆಗೆ (ನಿವೃತ್ತಿ ಉಳಿತಾಯ ಖಾತೆ) ಕಟ್ಟಿದ್ದು, ಆರೋಗ್ಯ ವಿಮೆಗೆ ಮುರಿದುಕೊಂಡದ್ದು ಎಲ್ಲ ಸೇರಿಸಿಯೇ ಲೆಕ್ಕ. ತುಂಬಾ ಜನ ಕಂಪನಿ ಕೊಡುವ ವರ್ಷದ ಸಂಬಳದ ಫಾರಂ ಡಬ್ಲ್ಯು-2ರ ಮೊದಲನೇ ಬಾಕ್ಸ್‌ನ ಅಂಕಿ ನೋಡಿ ತುಂಬುತ್ತಾರೆ. ಆ ಬಾಕ್ಸ್‌ನಲ್ಲಿ 401ಕೆ ಕಳೆದುಹೋಗಿರುತ್ತೆ. 92,000 ಸಂಬಳದವರು 5,000 ಡಾಲರ್ 401ಕೆಗೆ ಹಾಕಿದ್ದರೆ ಅಲ್ಲಿ 87,000 ಅಥವಾ ಇನ್ನೂ ಕಡಿಮೆ ಕಾಣುತ್ತೆ. ಪರಿಶೀಲನೆ ದಿನ ಪೇ ಸ್ಟಬ್ (ಸಂಬಳದ ಚೀಟಿ) ನೋಡಿದಾಗ ಅಂಕಿ ಬೇರೆಯೇ ಬರುತ್ತೆ.

ಮೇಲಿಂದ ಬೋನಸ್, ಓವರ್‌ಟೈಮ್, ಕಮಿಷನ್. ಮುಂದಿನ ಹನ್ನೆರಡು ತಿಂಗಳಲ್ಲಿ ಎಷ್ಟು ಬರಬಹುದು ಅನ್ನೋದೇ ಲೆಕ್ಕದ ಬುಡ. ಇವರಿಗೆ ಬೋನಸ್ ಇದೆಯಾ?

ಸಂಪಿಗೆ
ಇದೆ ಸರ್, 5,000 ಡಾಲರ್. ಹಾಸನದ ಬ್ಯಾಂಕಿನಲ್ಲಿ ಅವರ ಅಮ್ಮನ ಜೊತೆ ಜಂಟಿ ಹೆಸರಲ್ಲಿ 10 ಲಕ್ಷದ ಎಫ್‌ಡಿಯೂ ಇದೆ. ಅದನ್ನೂ ಹೇಳಬೇಕಾ?

ಲೆಕ್ಕಪತ್ರ
ಹೇಳಲೇಬೇಕು. ಸಿಕ್ಕಿಕೊಳ್ಳೋದು ಇಲ್ಲೇ. 92,000ಕ್ಕೆ ಬೋನಸ್ 5,000 ಸೇರಿದರೆ 97,000. ಮಿತಿ 97,200. ಎಫ್‌ಡಿಗೆ ವರ್ಷಕ್ಕೆ 70,000 ರೂಪಾಯಿ ಬಡ್ಡಿ ಬರುತ್ತೆ ಅಂದುಕೊಳ್ಳಿ, ಡಾಲರ್‌ನಲ್ಲಿ ಸುಮಾರು 800. ಪೂರ್ತಿ ಇವರ ಪಾಲಿಗೆ ಹಿಡಿದರೆ 97,800 ಆಯಿತು, 60%ರ ಮನೆ ಕೈತಪ್ಪಿತು. ಖಾತೆ ಜಂಟಿಯಾಗಿದ್ದು ದುಡ್ಡು ನಿಜವಾಗಿಯೂ ಅಮ್ಮನದ್ದೇ ಆಗಿದ್ದರೆ ಅದಕ್ಕೆ ಬ್ಯಾಂಕಿನ ಕಾಗದ, ಯಾರು ಹಣ ಇಟ್ಟರು ಅನ್ನೋ ದಾಖಲೆ ಮೊದಲೇ ತರಿಸಿಟ್ಟುಕೊಳ್ಳಲಿ. ಬರೀ ಬಾಯಿಮಾತಿಗೆ ಬೆಲೆ ಇಲ್ಲ.

ಊರಲ್ಲಿರುವ ಆಸ್ತಿಯನ್ನು ಮುಚ್ಚಿಡುವ ಯೋಚನೆ ಯಾರೂ ಮಾಡಬೇಡಿ. ಸೈಟು, ಜಮೀನು, ಬಾಡಿಗೆಗೆ ಕೊಟ್ಟ ಮನೆ, ಎನ್‌ಆರ್‌ಇ ಮತ್ತು ಎನ್‌ಆರ್‌ಓ ಖಾತೆ, ಎಲ್ಲಿದ್ದರೂ ಆಸ್ತಿ ಆಸ್ತಿಯೇ. ಅದರಿಂದ ಬರುವ ಬಾಡಿಗೆ, ಬಡ್ಡಿ ಆದಾಯ. ಪಹಣಿ ಕನ್ನಡದಲ್ಲಿ ಇರೋದರಿಂದ ಕೇಳಿದಾಗ ಅನುವಾದ ಮಾಡಿಸಿ ಕೊಡಬೇಕಾಗುತ್ತೆ, ಅದಕ್ಕೆ ಒಂದಷ್ಟು ದಿನ ಹಿಡಿಯುತ್ತೆ. ಇನ್ನೊಂದು ವಿಷಯ: ತಂದೆತಾಯಿಗೆ ತಿಂಗಳು ತಿಂಗಳು ಕಳಿಸುವ ಹಣವನ್ನು ಆದಾಯದಿಂದ ಕಳೆಯೋದಿಲ್ಲ. ಆದರೆ ಯಾರಾದರೂ ನಿಮಗೆ ತಿಂಗಳು ತಿಂಗಳು ಹಣ ಕಳಿಸ್ತಾ ಇದ್ದರೆ ಅದನ್ನು ಆದಾಯಕ್ಕೆ ಸೇರಿಸ್ತಾರೆ.

ಬ್ರಾಂಕ್ಸ್ ವಾಸಿ
ಹಾಗಂತ ನಿರಾಸೆ ಬೇಡ. 60% ಮೀರಿದರೆ 70% ಇದೆ, ನಾಲ್ವರಿಗೆ 1,13,400. ಅದರಾಚೆ 80%. ಆದರೆ ಕನಿಷ್ಠ ಆದಾಯವೂ ಇರುತ್ತೆ ಅನ್ನೋದನ್ನು ಮರೆಯಬೇಡಿ. ಹೆಚ್ಚಿನ ಜಾಹೀರಾತುಗಳಲ್ಲಿ ವರ್ಷದ ಬಾಡಿಗೆ ಆದಾಯದ ಸುಮಾರು 35% ದಾಟದಂತೆ ಕನಿಷ್ಠ ಅಂಕಿ ಇಟ್ಟಿರ್ತಾರೆ. ತಿಂಗಳಿಗೆ 2,400 ಬಾಡಿಗೆ ಅಂದರೆ ವರ್ಷಕ್ಕೆ 28,800. ಅದನ್ನು 0.35ರಿಂದ ಭಾಗಿಸಿದರೆ 82,286. ಅದಕ್ಕಿಂತ ಕಡಿಮೆ ದುಡಿಯುವವರಿಗೆ ಆ ಮನೆ ಇಲ್ಲ. ಸೆಕ್ಷನ್ 8 ಥರದ ವೋಚರ್ ಇದ್ದವರಿಗೆ ಈ ಕನಿಷ್ಠ ಮಿತಿ ಅನ್ವಯಿಸೋದಿಲ್ಲ. ಕೆಲವು ಕಟ್ಟಡಗಳಲ್ಲಿ 60%ರ ಗರಿಷ್ಠಕ್ಕೂ ಮೇಲಿನ ಪಟ್ಟಿಯ ಕನಿಷ್ಠಕ್ಕೂ ನಡುವೆ ದೊಡ್ಡ ಕಂದಕ ಇರುತ್ತೆ, ಅದರಲ್ಲಿ ಬಿದ್ದವರಿಗೆ ಆ ಕಟ್ಟಡದಲ್ಲಿ ಏನೂ ಇಲ್ಲ. ಅರ್ಜಿ ಒತ್ತುವ ಮೊದಲು ಪ್ರತಿ ಜಾಹೀರಾತಿನ ಕೋಷ್ಟಕವನ್ನು ಕುಟುಂಬದ ಸಂಖ್ಯೆಗೆ ಹೊಂದಿಸಿ ಓದಿ.

ಮನೆಯ ಗಾತ್ರಕ್ಕೂ ಲೆಕ್ಕ ಇದೆ. ಒಂದು ಬೆಡ್‌ರೂಮ್‌ಗೆ 1ರಿಂದ 3 ಜನ, ಎರಡಕ್ಕೆ 2ರಿಂದ 5, ಮೂರಕ್ಕೆ 3ರಿಂದ 7. ನಾಲ್ವರು ಎರಡು ಅಥವಾ ಮೂರು ಬೆಡ್‌ರೂಮ್ ಮನೆಗೆ ಸೇರ್ತಾರೆ.

ಹೊಸ ಓದುಗ
ಜಾಹೀರಾತು ಬಂದ ದಿನವೇ ಹಾಕಿದರೆ ಮುಂದಿನ ನಂಬರ್ ಸಿಗುತ್ತಂತೆ, ಹೌದಾ?

ಅರ್ಜಿ ಸಹಾಯ
ಇಲ್ಲ. ಅರ್ಜಿ ಸಾಮಾನ್ಯವಾಗಿ 60 ದಿನ ತೆರೆದಿರುತ್ತೆ. ಕೊನೆ ದಿನ ಮುಗಿದ ಮೇಲೆ ಕಂಪ್ಯೂಟರ್ ಎಲ್ಲ ಅರ್ಜಿಗಳನ್ನು ಕಲಸಿ ಲಾಗ್ ನಂಬರ್, ಅಂದರೆ ಸರದಿಯ ಸಂಖ್ಯೆ ಕೊಡುತ್ತೆ. ಮೊದಲ ದಿನ ಹಾಕಿದವರಿಗೂ ಕೊನೆ ದಿನ ಹಾಕಿದವರಿಗೂ ಒಂದೇ ಅವಕಾಶ. ಕೊನೆ ಗಂಟೆಯಲ್ಲಿ ಸೈಟ್ ನಿಧಾನ ಆಗುತ್ತೆ ಅನ್ನೋದಷ್ಟೇ ತೊಂದರೆ. ಕಾಗದದ ಅರ್ಜಿ ತರಿಸಿಕೊಂಡು ಅಂಚೆಯಲ್ಲಿ ಕಳಿಸುವವರು ಕೊನೆ ದಿನದೊಳಗೆ ಅಂಚೆ ಮುದ್ರೆ ಬೀಳುವಂತೆ ನೋಡಿಕೊಳ್ಳಿ.

ಒಂದು ಕಟ್ಟಡಕ್ಕೆ ಒಂದು ಕುಟುಂಬದಿಂದ ಒಂದೇ ಅರ್ಜಿ. ಗಂಡ ಒಂದು, ಹೆಂಡತಿ ಒಂದು, ಆನ್‌ಲೈನ್ ಒಂದು, ಅಂಚೆಯಲ್ಲಿ ಒಂದು ಅಂತ ಹಾಕಿದರೆ ಎಲ್ಲವೂ ರದ್ದಾಗಬಹುದು. ಬೇರೆ ಬೇರೆ ಕಟ್ಟಡಗಳಿಗೆ ಎಷ್ಟು ಬೇಕಾದರೂ ಹಾಕಿ. ಪ್ರೊಫೈಲ್‌ನಲ್ಲಿ ವಿಳಾಸ, ಸಂಬಳ, ಕುಟುಂಬದ ಸಂಖ್ಯೆ ತಿದ್ದಿದರೆ ಹಿಂದೆ ಹಾಕಿದ ಅರ್ಜಿಯೂ ತಾನಾಗಿ ಬದಲಾಗುತ್ತೆ ಅಂತ ನಂಬಿ ಕೂರಬೇಡಿ, ಒಂದೊಂದನ್ನೂ ತೆರೆದು ನೋಡಿ.

ಸಂಪಿಗೆ
ಲಾಗ್ ನಂಬರ್ ಎಷ್ಟರೊಳಗೆ ಬಂದರೆ ಆಸೆ ಇಟ್ಟುಕೊಳ್ಳಬಹುದು?

ಬ್ರಾಂಕ್ಸ್ ವಾಸಿ
ಬರೀ ನಂಬರ್ ನೋಡಿ ಹೇಳೋಕಾಗಲ್ಲ. ಕೆಲವು ಮನೆಗಳು ಮೀಸಲು: ಓಡಾಟದ ಅಂಗವೈಕಲ್ಯ ಇರುವವರಿಗೆ 5%, ದೃಷ್ಟಿ ಅಥವಾ ಶ್ರವಣ ತೊಂದರೆ ಇರುವವರಿಗೆ 2%. ಅದೇ ಕಮ್ಯುನಿಟಿ ಬೋರ್ಡ್ (ನಗರದ ಸ್ಥಳೀಯ ಮಂಡಳಿ) ಪ್ರದೇಶದಲ್ಲಿ ವಾಸವಾಗಿರುವವರಿಗೆ ಮೊದಲು 50% ಇತ್ತು. 2024ರ ಜನವರಿಯ ನ್ಯಾಯಾಲಯದ ರಾಜಿಯ ನಂತರ ಅದು 20%ಕ್ಕೆ ಇಳಿದಿದೆ, 2029ರ ಮೇ ತಿಂಗಳಿಂದ 15%. ನಗರ ಸರ್ಕಾರದ ನೌಕರರಿಗೂ ಒಂದು ಪಾಲಿದೆ. ಇವೆಲ್ಲ ಬಿಟ್ಟರೂ ನ್ಯೂಯಾರ್ಕ್ ನಗರದ ನಿವಾಸಿಗಳಿಗೆ ಹೊರಗಿನವರಿಗಿಂತ ಮೊದಲ ಆದ್ಯತೆ. ಜರ್ಸಿ ಸಿಟಿ, ಎಡಿಸನ್‌ನಲ್ಲಿ ಇರುವ ನಮ್ಮವರು ಹಾಕಬಹುದು, ಆದರೆ ನಗರದವರೆಲ್ಲ ಮುಗಿದ ಮೇಲೆ ಅವರ ಸರದಿ.

100 ಮನೆಯ ಕಟ್ಟಡ ಅಂದುಕೊಳ್ಳಿ. 20 ಮನೆ ಅಲ್ಲಿನ ಪ್ರದೇಶದವರಿಗೆ. ಅವರಲ್ಲೊಬ್ಬರ ಲಾಗ್ ನಂಬರ್ 12,000 ಇದ್ದರೂ ಬೇರೆ ಕಡೆಯಿಂದ ಹಾಕಿದ 3,000ದವರಿಗಿಂತ ಮೊದಲು ಕರೆ ಬರಬಹುದು. ಜೊತೆಗೆ ಆ 100ರಲ್ಲಿ ನಾಲ್ವರಿಗೆ ಹೊಂದುವ ಎರಡು ಬೆಡ್‌ರೂಮ್ ಮನೆ, ಅದರಲ್ಲೂ ನಿಮ್ಮ ಎಎಂಐ ಪಟ್ಟಿಯದ್ದು, ಎಂಟೋ ಹತ್ತೋ ಇರಬಹುದು. ನಿಜವಾದ ಪೈಪೋಟಿ ಆ ಎಂಟು ಹತ್ತಕ್ಕೆ. ಹಾಗಾಗಿ ನನ್ನ ಸಲಹೆ, ಜಾಕ್ಸನ್ ಹೈಟ್ಸ್ ಸೇರುವುದು ಕ್ವೀನ್ಸ್ ಕಮ್ಯುನಿಟಿ ಬೋರ್ಡ್ 3ಕ್ಕೆ, ಅಲ್ಲಿನ ಒಂದು ಜಾಹೀರಾತನ್ನೂ ಬಿಡಬೇಡಿ.

ಮಲೆನಾಡು
ಕರೆ ಬಂದ ಮೇಲಿನದ್ದು ಹೇಳ್ತೇನೆ, ಹೆಚ್ಚಿನವರು ಸೋಲೋದು ಅಲ್ಲೇ. ಲಾಟರಿ ನಂಬರ್ ನಮ್ಮ ಕೈಯಲ್ಲಿಲ್ಲ, ಕಡತ ನಮ್ಮ ಕೈಯಲ್ಲಿದೆ.

ಕಟ್ಟಡದ ಏಜೆಂಟ್‌ನಿಂದ ಸಂದೇಶ ಬಂದ ಮೇಲೆ ದಾಖಲೆ ಕೊಡಲು 10 ಕೆಲಸದ ದಿನ. ಅರ್ಜಿ ಹಾಕಿ ಒಂದೆರಡು ವರ್ಷ ಆದ ಮೇಲೂ ಆ ಸಂದೇಶ ಬರಬಹುದು, ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದರೆ ಕಥೆ ಮುಗಿಯಿತು. ಎಲ್ಲ ದೊಡ್ಡವರ ಗುರುತಿನ ಚೀಟಿ, ಮಕ್ಕಳ ಜನನ ಪ್ರಮಾಣ ಪತ್ರ, 4ರಿಂದ 6 ಸಾಲಾಗಿ ಬಂದ ಪೇ ಸ್ಟಬ್, ಡಬ್ಲ್ಯು-2, ಕೇಂದ್ರ ಮತ್ತು ರಾಜ್ಯದ ತೆರಿಗೆ ರಿಟರ್ನ್, ಎಲ್ಲ ಖಾತೆಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಈಗಿನ ಮನೆಯ ಲೀಸ್, ಕರೆಂಟ್ ಬಿಲ್ಲು. ಸಾಲಾಗಿ ಅನ್ನೋದು ಮುಖ್ಯ, ನಡುವೆ ಒಂದು ಪೇ ಸ್ಟಬ್ ಇಲ್ಲದಿದ್ದರೂ ಕಡತ ಅಪೂರ್ಣ. ಸ್ಟೇಟ್‌ಮೆಂಟ್‌ನ ಎಲ್ಲ ಪುಟಗಳೂ ಬೇಕು, ಕೊನೆಯ ಖಾಲಿ ಪುಟ ಕೂಡ. ದೊಡ್ಡ ಮೊತ್ತ ಜಮೆ ಆಗಿದ್ದರೆ ಎಲ್ಲಿಂದ ಬಂತು ಅಂತ ಕೇಳ್ತಾರೆ, ಸ್ನೇಹಿತರ ಜೊತೆ ಊಟದ ಬಿಲ್ ಹಂಚಿಕೊಂಡು ಹಣ ಕಳಿಸುವ ಜೆಲ್ ಸೇವೆಯಲ್ಲಿ ಬಂದ ಹಣಕ್ಕೂ ವಿವರಣೆ ಕೊಡಬೇಕಾದ ಸಂದರ್ಭ ಉಂಟು.

ಲೀಸ್ ಅವರ ಹೆಸರಲ್ಲಿ ಇಲ್ಲದೆ ಬೇರೆಯವರ ಮನೆಯಲ್ಲಿ ಕೋಣೆ ಹಿಡಿದಿದ್ದರೆ, ಲೀಸ್ ಇರುವವರಿಂದ ನೋಟರಿ ಮಾಡಿಸಿದ ಪತ್ರ ಮತ್ತು ಬಾಡಿಗೆ ಕಟ್ಟಿದ್ದಕ್ಕೆ ಚೆಕ್ ಅಥವಾ ಬ್ಯಾಂಕ್ ದಾಖಲೆ ಇಟ್ಟುಕೊಳ್ಳಲಿ. ನಗದು ಕೊಡುವ ಅಭ್ಯಾಸ ಇವತ್ತೇ ನಿಲ್ಲಿಸಲಿ. ಅದರಿಂದ ಇನ್ನೊಂದು ಪ್ರಯೋಜನ ಇದೆ: ಹೊಸದಾಗಿ ಬಂದವರಿಗೆ ಇಲ್ಲಿ ಕ್ರೆಡಿಟ್ ಇತಿಹಾಸ ಇರೋದಿಲ್ಲ. ಕ್ರೆಡಿಟ್ ತಪಾಸಣೆ ಬದಲು 12 ತಿಂಗಳು ಸರಿಯಾಗಿ ಬಾಡಿಗೆ ಕಟ್ಟಿದ ದಾಖಲೆ ಕೊಡಲು ಎಚ್‌ಪಿಡಿ ನಿಯಮದಲ್ಲಿ ಅವಕಾಶ ಇದೆ.

ಲೆಕ್ಕಪತ್ರ
ಟ್ಯಾಕ್ಸಿ ಓಡಿಸುವವರು, ಅಡುಗೆ ಆರ್ಡರ್ ತೆಗೆದುಕೊಳ್ಳುವವರು, 1099ರಲ್ಲಿ (ಕಂಪನಿಯ ನೌಕರರಾಗದೆ ಗುತ್ತಿಗೆ ಮೇಲೆ) ದುಡಿಯುವವರು ಗಮನಿಸಿ. ಸ್ವಂತ ದುಡಿಮೆಯಲ್ಲಿ ಖರ್ಚು ಕಳೆದು ಉಳಿದದ್ದೇ ಆದಾಯ, ಸ್ವಂತ ದುಡಿಮೆಯ ತೆರಿಗೆ ಫಾರಂ ಶೆಡ್ಯೂಲ್ ಸಿ ಜೊತೆ ಮೂರು ವರ್ಷದ ರಿಟರ್ನ್ ಕೇಳ್ತಾರೆ. ತೆರಿಗೆ ಉಳಿಸೋಕೆ ಖರ್ಚು ಹೆಚ್ಚು ತೋರಿಸಿದ್ದರೆ ಇಲ್ಲಿ ಕನಿಷ್ಠ ಆದಾಯ ಮುಟ್ಟದೆ ಬಿದ್ದುಹೋಗ್ತೀರಿ.

ಮನೆಯಲ್ಲಿ ಇರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳೇ ಆಗಿದ್ದರೆ ತೆರಿಗೆ ರಿಯಾಯಿತಿ ಪಡೆದು ಕಟ್ಟಿದ ಕಟ್ಟಡಗಳಲ್ಲಿ ಕೆಲವು ವಿನಾಯಿತಿ ಬಿಟ್ಟರೆ ಅವಕಾಶ ಇಲ್ಲ. ಎಫ್-1ರಲ್ಲಿ ಬಂದು ಮೂವರು ಸೇರಿ ಇರುವ ಹುಡುಗರು ಇದನ್ನು ಮೊದಲೇ ತಿಳಿದಿರಲಿ.

ಹೊಸ ಓದುಗ
ತಿರಸ್ಕಾರದ ಪತ್ರ ಬಂದರೆ?

ಮಲೆನಾಡು
10 ಕೆಲಸದ ದಿನದೊಳಗೆ ಮೇಲ್ಮನವಿ. ಪತ್ರದಲ್ಲಿ ಕಾರಣ ಬರೆದಿರುತ್ತೆ, ಆ ಕಾರಣಕ್ಕಷ್ಟೇ ಉತ್ತರ ಕೊಡಿ, ಜೊತೆಗೆ ದಾಖಲೆ ಲಗತ್ತಿಸಿ. "ತುಂಬಾ ಕಷ್ಟದಲ್ಲಿದ್ದೇವೆ" ಅಂತ ಬರೆದ ಎರಡು ಪುಟಕ್ಕಿಂತ, "ನೀವು ಬೋನಸ್ ಎರಡು ಸಲ ಸೇರಿಸಿದ್ದೀರಿ, ಇದು ಕಂಪನಿಯ ಪತ್ರ" ಅನ್ನೋ ಎರಡು ಸಾಲು ಕೆಲಸ ಮಾಡುತ್ತೆ. ಆದಾಯದ ಲೆಕ್ಕದಲ್ಲಿ ಏಜೆಂಟರು ತಪ್ಪು ಮಾಡೋದು ಅಪರೂಪವೇನಲ್ಲ, ಅವರ ಲೆಕ್ಕವನ್ನು ಕೇಳಿ ಪಡೆಯಿರಿ. ಬಾಡಿಗೆ ಕೋರ್ಟಿನಲ್ಲಿ ಹಿಂದೆ ಕೇಸು ಇತ್ತು ಅನ್ನೋ ಒಂದೇ ಕಾರಣಕ್ಕೆ ತಿರಸ್ಕರಿಸುವ ಹಾಗಿಲ್ಲ. ಮೇಲ್ಮನವಿಯೂ ಬಿದ್ದರೆ ಪತ್ರದಲ್ಲೇ ಹೆಸರಿರುವ ಎಚ್‌ಪಿಡಿ ಅಥವಾ ಎಚ್‌ಡಿಸಿಗೆ ದೂರು ಕೊಡಬಹುದು.

ದುಡ್ಡಿನ ವಿಷಯ: ಅರ್ಜಿಗೆ ಒಂದು ಸೆಂಟೂ ಇಲ್ಲ. ಕರೆ ಬಂದ ಮೇಲಿನ ಕ್ರೆಡಿಟ್ ಮತ್ತು ಹಿನ್ನೆಲೆ ತಪಾಸಣೆಗೆ ರಾಜ್ಯದ ಕಾನೂನು ಪ್ರಕಾರ ಗರಿಷ್ಠ 20 ಡಾಲರ್. ಅರ್ಜಿ ತುಂಬಲು ಬರದಿದ್ದರೆ ಹೌಸಿಂಗ್ ಅಂಬಾಸಡರ್ ಅಂತ ಎಚ್‌ಪಿಡಿ ತರಬೇತಿ ಕೊಟ್ಟ ಸಂಸ್ಥೆಗಳಿವೆ, ಪೂರ್ತಿ ಉಚಿತ. ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿದರೆ ಹತ್ತಿರದ್ದು ಯಾವುದು ಅಂತ ಹೇಳ್ತಾರೆ.

ಧಾರವಾಡ ಪೇಢಾ
ಗ್ರೀನ್ ಕಾರ್ಡ್ ಆದವರಿಗೆ ನೈಚಾ ಬಗ್ಗೆನೂ ಹೇಳತೀನ್ರಿ. ಬಾಡಿಗಿ ಆದಾಯದ 30% ಆಸುಪಾಸು. ಅರ್ಜಿ ಆನ್‌ಲೈನ್ ಹಾಕಬಹುದು. ಮನಿಯ ತೊಂದರೆ ನೋಡಿ ಎನ್ ಅಂತ, ದುಡಿಯೋ ಮನಿತನ ಅಂದ್ರ ಡಬ್ಲ್ಯು ಅಂತ ಆದ್ಯತೆಯ ಸಂಕೇತ ಕೊಡತಾರ. ಅರ್ಜಿಯ ಆಯುಷ್ಯ ಎರಡು ವರ್ಷ ಅಷ್ಟೇ. ಮುಗಿಯೋದ್ರಾಗ ನವೀಕರಿಸಲಿಲ್ಲಾಂದ್ರ ಹೆಸರು ಬಿದ್ದುಹೋಗತೈತಿ, ಮತ್ತ ಹಿಂದಿನ ತುದಿಯಿಂದ ನಿಲ್ಲಬೇಕು. ವಿಳಾಸ ಬದಲಾದ್ರ ತಿಳಸ್ರಿ, ಸಂದರ್ಶನದ ಪತ್ರ ಹಳೇ ಮನಿಗೆ ಹೋಗಿ ಸರದಿ ಕಳಕೊಂಡವರು ಭಾಳ ಮಂದಿ ಅದಾರ.

ಮಿಚೆಲ್-ಲಾಮಾ ಪಟ್ಟಿ ಯಾವುದು ತೆರದೈತಿ ಅಂತ ಮಿಚೆಲ್-ಲಾಮಾ ಕನೆಕ್ಟ್ ಅನ್ನೋ ವೆಬ್‌ಸೈಟ್ ಒಳಗ ನೋಡ್ರಿ. ಅಲ್ಲಿ ಲಾಟರಿ ಗೆದ್ದರ ಮನಿ ಸಿಗಂಗಿಲ್ಲ, ಕಾಯುವ ಪಟ್ಟ್ಯಾಗ ಜಾಗ ಸಿಗತೈತಿ. ಬೆಡ್‌ರೂಮ್ ಲೆಕ್ಕಕ್ಕ ಬ್ಯಾರೆ ಬ್ಯಾರೆ ಪಟ್ಟಿ, ದೊಡ್ಡ ಮನಿ ಪಟ್ಟಿ ನಿಧಾನ. ಕೆಲವು ಬಾಡಿಗಿ, ಕೆಲವು ಸಹಕಾರಿ, ಅಂದ್ರ ಪಾಲು ಕೊಂಡು ಇರೋವು. ಸಹಕಾರಿಗೆ ಮುಂಗಡ ಹಣ ಬೇಕಾಗತೈತಿ.

ಸಂಪಿಗೆ
ಎಲ್ಲರಿಗೂ ತುಂಬಾ ಧನ್ಯವಾದ. ಎರಡೇ ಪ್ರಶ್ನೆ ಉಳಿದಿದೆ. ಅವರ ಅಮ್ಮ ಬಿ-2 ಪ್ರವಾಸಿ ವೀಸಾದಲ್ಲಿ ಆರು ತಿಂಗಳು ಬರ್ತಾರೆ, ಅವರನ್ನು ಐದನೆಯವರು ಅಂತ ಸೇರಿಸಿದರೆ ಮಿತಿ ಹೆಚ್ಚಾಗುತ್ತಲ್ಲ? ಮತ್ತೆ ಮನೆ ಸಿಕ್ಕ ಮೇಲೆ ಸಂಬಳ ಏರಿದರೆ ಬಿಡಿಸ್ತಾರಾ?

ಅರ್ಜಿ ಸಹಾಯ
ಅಮ್ಮನನ್ನು ಸೇರಿಸಬೇಡಿ. ಬಂದು ಹೋಗುವವರು ಕುಟುಂಬದ ಲೆಕ್ಕಕ್ಕೆ ಬರೋದಿಲ್ಲ, ಆ ಮನೆಯಲ್ಲೇ ಕಾಯಂ ಇರುವವರು ಮಾತ್ರ. ಮುಂದೆ ಗ್ರೀನ್ ಕಾರ್ಡ್ ಆಗಿ ಇಲ್ಲೇ ಇರುವ ಹಾಗಾದರೆ ಆಗ ಅವರ ಆದಾಯ, ಆಸ್ತಿ ಸಮೇತ ಸೇರಿಸಿ.

ಲಾಟರಿ ಮನೆಗಳು ಬಾಡಿಗೆ ಸ್ಥಿರೀಕರಣಕ್ಕೆ (ರೆಂಟ್ ಸ್ಟೆಬಿಲೈಸೇಶನ್) ಒಳಪಟ್ಟಿರುತ್ತವೆ. ಆದಾಯ ನೋಡೋದು ಒಳಗೆ ಹೋಗುವಾಗ. ಕೆಲವು ಕಟ್ಟಡಗಳಲ್ಲಿ ಪ್ರತಿ ವರ್ಷ ಆದಾಯದ ದಾಖಲೆ ಕೇಳ್ತಾರೆ, ಕೊಡಲೇಬೇಕು, ಆದರೆ ಸಂಬಳ ಏರಿತು ಅಂತ ಹೊರಗೆ ಹಾಕೋದಿಲ್ಲ. ಪ್ರತಿ ವರ್ಷ ಬಾಡಿಗೆ ಎಷ್ಟು ಏರಿಸಬಹುದು ಅಂತ ರೆಂಟ್ ಗೈಡ್‌ಲೈನ್ಸ್ ಬೋರ್ಡ್ ನಿರ್ಧರಿಸುತ್ತೆ. ಮಿಚೆಲ್-ಲಾಮಾದಲ್ಲಿ ಮಾತ್ರ ಆದಾಯ ಮಿತಿ ದಾಟಿದರೆ ಹೆಚ್ಚುವರಿ ಶುಲ್ಕ ಬೀಳುತ್ತೆ.

ಬ್ರಾಂಕ್ಸ್ ವಾಸಿ
ಊರಿಗೆ ಹೋಗುವವರಿಗೆ ಒಂದು ಮಾತು. ಆ ಮನೆ ನಿಮ್ಮ ಮುಖ್ಯ ವಾಸಸ್ಥಾನ ಆಗಿರಬೇಕು. ವರ್ಷದಲ್ಲಿ 183 ದಿನ ಅಲ್ಲಿ ಇದ್ದಿರಾ ಅಂತ ನೋಡ್ತಾರೆ. ತಂದೆತಾಯಿ ಆರೈಕೆಗೆ ಎಂಟು ತಿಂಗಳು ಹೋಗಬೇಕಾಗಿ ಬಂದರೆ ಮೊದಲೇ ಮ್ಯಾನೇಜ್‌ಮೆಂಟ್‌ಗೆ ಬರೆದು ತಿಳಿಸಿ, ಆಸ್ಪತ್ರೆ ಕಾಗದ, ವಿಮಾನದ ಟಿಕೆಟ್ ಜೋಪಾನವಾಗಿಡಿ. ಆ ಸಮಯದಲ್ಲಿ ಮನೆ ಖಾಲಿ ಇದೆ ಅಂತ ಸ್ನೇಹಿತರಿಗೋ ಏರ್‌ಬಿಎನ್‌ಬಿಗೋ ಕೊಡಲೇಬೇಡಿ. ವರ್ಷಗಟ್ಟಲೆ ಕಾದು ಪಡೆದ ಲೀಸ್ ಅದೊಂದರಿಂದಲೇ ಹೋಗುತ್ತೆ.